ಮಿತಾಕ್ಷರೆಯ ಶಬ್ದಗಳೂ ನ್ಯಾಯಾಸನಗಳೂ

ಕಲ್ಯಾಣವೆಂದೊಡನೆ ನಮ್ಮವರ ಮನಸ್ಸಿಗೆ ಮೊದಲು ತೋರುವದು ಬಸವಾದಿ ಶರಣರ ಕಲ್ಯಾಣ. ಅದು ಯುಕ್ತವೇ ಸರಿ. ಆದರೆ ಶರಣರ ಕಾಲಕ್ಕಿಂತ ಒಂದೆರಡು ತಲೆಮಾರು ಮುಂಚೆ, ಚಾಲುಕ್ಯ ಚಕ್ರವರ್ತಿಯಾದ ಆರನೆಯ ವಿಕ್ರಮಾದಿತ್ಯನು (1076–1126) ಆಳುತ್ತಿದ್ದಾಗ, ಅದೇ ಪಟ್ಟಣದಲ್ಲಿ ಹುಟ್ಟಿದ ಗ್ರಂಥವೊಂದು ಇಂದಿಗೂ ಭರತಖಂಡದ ಬಹುಭಾಗದ ಪಾಲುಪಾರೀಕತ್ತುಗಳಲ್ಲಿ ಮಾತನಾಡುತ್ತಿರುವದೆಂಬದನ್ನು ಬಲ್ಲವರು ಕಡಿಮೆ. ಅದು ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ 'ಮಿತಾಕ್ಷರಾ' ಎಂಬ ವ್ಯಾಖ್ಯಾನ. ಆಚಾರ, ವ್ಯವಹಾರ, ಪ್ರಾಯಶ್ಚಿತ್ತವೆಂಬ ಮೂರು ಅಧ್ಯಾಯಗಳುಳ್ಳ ಆ ಗ್ರಂಥದ ಕೊನೆಯಲ್ಲಿ ಗ್ರಂಥಕರ್ತನು ಕಲ್ಯಾಣದಂಥ ಪುರವನ್ನೂ ವಿಕ್ರಮನಂಥ ಅರಸನನ್ನೂ ತುಂಬು ಕಂಠದಿಂದ ಹೊಗಳಿರುವನು. ತನ್ನ ಪಾಂಡಿತ್ಯವನ್ನು ಹೊಗಳಿಕೊಳ್ಳುವದಕ್ಕೂ ಹಿಂಜರಿದಿಲ್ಲ. ಬಂಗಾಲ ಮತ್ತು ಅಸ್ಸಾಮಗಳ ಹೊರತು ಉಳಿದ ದೇಶವೆಲ್ಲ ದಾಯಭಾಗದ ವಿಷಯದಲ್ಲಿ ಆತನ ಮಾತನ್ನೇ ಪ್ರಮಾಣವೆಂದು ಒಪ್ಪಿಕೊಂಡಿತೆಂಬದನ್ನು ನೆನೆದರೆ ಆ ಆತ್ಮಪ್ರಶಂಸೆ ಅಷ್ಟೇನೂ ಅತಿಯೆನಿಸುವದಿಲ್ಲ.

ಮಿತಾಕ್ಷರಾ ಎಂದರೆ ಅಳತೆಯ ಅಕ್ಷರಗಳುಳ್ಳದ್ದು. ಇಷ್ಟು ಮಿತವಾದ ಅಕ್ಷರಗಳಿಂದ ಎಷ್ಟು ಅಮಿತವಾದ ವ್ಯಾಜ್ಯಗಳು ಹುಟ್ಟಿದವೆಂಬದು ಈ ಲೇಖನದ ವಿಷಯವಾಗಿದೆ. ಒಂಬೈನೂರು ವರ್ಷಗಳಲ್ಲಿ ಗ್ರಂಥದ ಪಾಠವು ಹೆಚ್ಚು ಕಡಿಮೆ ಇದ್ದಂತೆಯೇ ಇದೆ. ಆದರೂ ಅದೇ ಶಬ್ದದ ಬಲದಿಂದ ಒಬ್ಬ ವಿಧವೆಗೆ ಹೊಲ ದೊರೆಯಿತು, ಮತ್ತೊಬ್ಬಳಿಗೆ ತಪ್ಪಿತು. ಶಬ್ದವು ಬದಲಾಗಲಿಲ್ಲ, ಅದನ್ನು ಓದಿ ಅರ್ಥ ಹೇಳುವ ಅಧಿಕಾರವು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಯಿತು.

ಮೊದಲು ವಿಜ್ಞಾನೇಶ್ವರನನ್ನೇ ನೋಡುವಾ. ಆತನು ಸ್ಮೃತಿವಾಕ್ಯವನ್ನು ಕಂಡಕಂಡಂತೆ ಒಪ್ಪಿ ಮುಂದೆ ಸಾಗಿದವನಲ್ಲ. ಸ್ವತ್ತೆಂಬದು ಶಾಸ್ತ್ರದಿಂದ ಹುಟ್ಟುವದೋ ಲೋಕದಿಂದ ಹುಟ್ಟುವದೋ ಎಂಬ ಪ್ರಶ್ನೆಯನ್ನು ಎತ್ತಿಕೊಂಡು, ಅದು ಲೌಕಿಕವೇ ಎಂದು ಆತನು ತೀರ್ಮಾನಿಸುವನು. ಶಾಸ್ತ್ರದ ಗಂಧವೇ ಇಲ್ಲದ ಗಡಿನಾಡಿನ ಜನರೂ ಕೊಳ್ಳುವ ಮಾರುವ ವ್ಯವಹಾರವನ್ನು ಮಾಡುತ್ತಿರುವರಲ್ಲವೆ ಎಂಬದು ಅವನ ಯುಕ್ತಿ. ಹಿರಿಯ ಮಗನಿಗೆ ಹೆಚ್ಚಿನ ಪಾಲು ಕೊಡಬೇಕೆಂಬ ವಚನಗಳು ಶಾಸ್ತ್ರದಲ್ಲಿ ಸ್ಪಷ್ಟವಾಗಿಯೇ ಇವೆ. ಆದರೆ ಲೋಕವು ದ್ವೇಷಿಸುವದನ್ನು, ಅದು ಶಾಸ್ತ್ರೋಕ್ತವಾಗಿದ್ದರೂ, ಆಚರಿಸಲಾಗದೆಂಬ ಸ್ಮೃತಿಯ ಇನ್ನೊಂದು ನುಡಿಯನ್ನು ಮುಂದಿಟ್ಟು, ವಿಷಮ ವಿಭಾಗವು ಈಗ ಸಲ್ಲದೆಂದು ಆತನು ಹೇಳುವನು. ಧನವೆಲ್ಲ ಯಜ್ಞಕ್ಕಾಗಿಯೇ ಹುಟ್ಟಿದ್ದು, ಯಜ್ಞಾಧಿಕಾರವಿಲ್ಲದ ಸ್ತ್ರೀಯರಿಗೆ ಧನವೆಲ್ಲಿಯದು ಎಂದು ವಾದಿಸಿದವರನ್ನೂ ಆತನು ಬಿಡಲಿಲ್ಲ. ಹಾಗಾದರೆ ದಾನಕ್ಕೂ ಭೋಗಕ್ಕೂ ಧನವೇ ಇಲ್ಲದಂತಾಗುವದೆಂದು ಖಂಡಿಸಿ, ವಿಭಕ್ತನಾಗಿ ಸಂತಾನವಿಲ್ಲದೆ ಸತ್ತವನ ಆಸ್ತಿಗೆ ಅವನ ಹೆಂಡತಿಯೇ ಮೊದಲ ಹಕ್ಕುದಾರಳೆಂದು ಸ್ಥಾಪಿಸಿದನು. ಅಂದರೆ ವ್ಯಾಖ್ಯಾನಕಾರನು ಬರಿಯ ಅರ್ಥ ಬಿಡಿಸುವವನಾಗಿರಲಿಲ್ಲ. ತನ್ನ ಕಾಲದ ಲೋಕವನ್ನು ಕಣ್ಣಮುಂದಿಟ್ಟುಕೊಂಡು ಹಳೆಯ ವಾಕ್ಯಗಳೊಳಗಿಂದ ನ್ಯಾಯವನ್ನು ಆರಿಸುವವನಾಗಿದ್ದನು. ಮುಂದೆ ನಡೆದ ಸಂಗತಿಗಳನ್ನು ಅರಿಯಬೇಕಾದರೆ ಇದನ್ನು ಮರೆಯಲಾಗದು.

'ಪಿಂಡ'ವೆಂಬ ಶಬ್ದದ ಕಥೆಯನ್ನು ಸಂಕ್ಷೇಪವಾಗಿ ಹೇಳಬಹುದು. ಸಪಿಂಡರಾದವರಿಗೆ ಆಸ್ತಿ ಸಲ್ಲಬೇಕೆಂದು ಎಲ್ಲರೂ ಒಪ್ಪುವರು. ಬಂಗಾಲದ ಜೀಮೂತವಾಹನನು ಪಿಂಡವೆಂದರೆ ಶ್ರಾದ್ಧದಲ್ಲಿ ಇಡುವ ಅನ್ನದ ಉಂಡೆ ಎಂದನು. ಆದುದರಿಂದ ಸತ್ತವನಿಗೆ ಪಿಂಡವಿಟ್ಟು ಉಪಕಾರ ಮಾಡುವವನೇ ಅಲ್ಲಿ ವಾರಸುದಾರನಾದನು. ವಿಜ್ಞಾನೇಶ್ವರನು ಪಿಂಡವೆಂದರೆ ಶರೀರವೆಂದನು. ಒಂದೇ ಶರೀರದ ಅಂಶವನ್ನು ಹೊತ್ತವರೆಲ್ಲ ಇಲ್ಲಿ ಸಪಿಂಡರಾದರು. ಒಂದು ಶಬ್ದದ ಎರಡು ಅರ್ಥಗಳಿಂದ ದೇಶವು ಎರಡು ದಾಯಪದ್ಧತಿಗಳಾಗಿ ಒಡೆಯಿತು.

ಇದಕ್ಕಿಂತ ಕುತೂಹಲಕರವಾದದ್ದು ಸ್ತ್ರೀಧನದ ಕಥೆ. ತಂದೆ, ತಾಯಿ, ಪತಿ, ಸೋದರರು ಕೊಟ್ಟದ್ದನ್ನೂ, ವಿವಾಹಾಗ್ನಿಯ ಮುಂದೆ ಬಂದದ್ದನ್ನೂ ಎಣಿಸಿ, ಕೊನೆಗೆ ಗಂಡನು ಎರಡನೆಯ ಹೆಂಡತಿಯನ್ನು ತರುವಾಗ ಮೊದಲಿನವಳಿಗೆ ಕೊಡತಕ್ಕ 'ಆಧಿವೇದನಿಕ'ವೆಂಬ ಧನವನ್ನು ಯಾಜ್ಞವಲ್ಕ್ಯನು ಹೇಳುವನು. ವಿಜ್ಞಾನೇಶ್ವರನು ಹಿಡಿದ ಪಾಠದಲ್ಲಿ ಆ ಶಬ್ದವು 'ಆಧಿವೇದನಿಕಾದ್ಯ' ಎಂದಿದೆ. ಕೊನೆಯಲ್ಲಿ 'ಆದ್ಯ', ಅಂದರೆ 'ಮೊದಲಾದವು', ಎಂಬ ಎರಡಕ್ಷರ. ಜೀಮೂತವಾಹನನ ಪಾಠದಲ್ಲಿ ಆ ಎರಡಕ್ಷರಗಳಿಲ್ಲ. ವಿಜ್ಞಾನೇಶ್ವರನು ಆ 'ಆದ್ಯ'ದ ಕಿರುಬಾಗಿಲನ್ನು ಪೂರ್ತಿ ತೆರೆದನು. ದಾಯವಾಗಿ ಬಂದದ್ದು, ಕೊಂಡದ್ದು, ಪಾಲಿನಿಂದ ಬಂದದ್ದು, ಸ್ವಾಧೀನಪಡಿಸಿಕೊಂಡದ್ದು, ದೊರೆತದ್ದು, ಇವೆಲ್ಲವೂ ಸ್ತ್ರೀಧನವೇ ಎಂದನು. ಸ್ತ್ರೀಧನವೆಂಬದು ಯಾವದೋ ಆರು ಬಗೆಯ ಧನಕ್ಕೆ ಇಟ್ಟ ಪಾರಿಭಾಷಿಕ ಹೆಸರಲ್ಲ. ಸ್ತ್ರೀಯ ಧನವು ಸ್ತ್ರೀಧನ, ಶಬ್ದದ ಯೌಗಿಕಾರ್ಥವು ಹೊಂದುತ್ತಿರುವಾಗ ಪರಿಭಾಷೆಯನ್ನು ಕಲ್ಪಿಸುವದು ಸಲ್ಲದು ಎಂಬದು ಆತನ ವಾದ. ಹೀಗೆ ಸ್ತ್ರೀಧನವೆನಿಸಿದ್ದನ್ನೆಲ್ಲ ಅವಳು ಮನಬಂದಂತೆ ಮಾರಬಹುದೆಂಬದು ಆತನ ಅಭಿಪ್ರಾಯವಾಗಿತ್ತೋ ಎಂಬ ಬಗ್ಗೆ ಪಂಡಿತರಲ್ಲಿ ಮತಭೇದಕ್ಕೆ ಎಡೆಯುಂಟು. ಆದರೆ ಬಾಗಿಲು ತೆರೆದದ್ದು ಮಾತ್ರ ನಿಸ್ಸಂಶಯ.

ಇನ್ನು ಅಧಿಕಾರದ ಮಾತು. ಕುಲ, ಶ್ರೇಣಿ, ಪೂಗ, ಅವುಗಳ ಮೇಲೆ ರಾಜನು ನೇಮಿಸಿದವರು, ಹೀಗೆ ವ್ಯಾಜ್ಯ ತೀರಿಸುವವರ ಮೆಟ್ಟಿಲುಗಳನ್ನು ಯಾಜ್ಞವಲ್ಕ್ಯನೇ ಹೇಳಿರುವನು. ಕುಲದ ಹಿರಿಯರು ತಮ್ಮ ರೂಢಿಯಂತೆ ತೀರಿಸುವರು. ತೀರದಿದ್ದುದು ಮೇಲಕ್ಕೆ ಹೋಗುವದು. ವ್ಯಾಖ್ಯಾನವು ಪಂಡಿತನ ಕೈಯ ಕೈಪಿಡಿಯಾಗಿತ್ತೇ ಹೊರತು ಸರಕಾರದ ಕಾಯದೆಯಾಗಿರಲಿಲ್ಲ. ಈ ಸ್ಥಿತಿಯು 1772ನೆಯ ಇಸ್ವಿಯಿಂದ ಬದಲಾಗುತ್ತ ಹೋಯಿತು. ಆ ವರ್ಷ ವಾರನ್ ಹೇಸ್ಟಿಂಗ್ಸನು ಬಂಗಾಲದ ನ್ಯಾಯವ್ಯವಸ್ಥೆಯನ್ನು ಗೊತ್ತುಪಡಿಸುವಾಗ, ದಾಯ, ವಿವಾಹ, ಜಾತಿ ಮುಂತಾದ ವಿಷಯಗಳಲ್ಲಿ ಮುಸಲ್ಮಾನರಿಗೆ ಕುರಾನಿನಂತೆಯೂ 'ಜೆಂಟೂ'ಗಳಿಗೆ ಶಾಸ್ತ್ರದಂತೆಯೂ ನ್ಯಾಯ ಹೇಳತಕ್ಕದ್ದೆಂದು ವಿಧಿಸಿದನು. ಜೆಂಟೂ ಎಂಬದು ಪೋರ್ತುಗೀಜರ ಬಾಯಿಂದ ಬಂದ, ಅನ್ಯಮತದವರೆಂಬ ಅರ್ಥದ ಶಬ್ದ. ಯಾರಿಗೆ ಈ ಕಾನೂನು ಸಲ್ಲತಕ್ಕದ್ದೋ ಅವರಿಗೆ ತಮ್ಮ ಭಾಷೆಯಲ್ಲಿ ಇಲ್ಲದ ಹೆಸರನ್ನಿಟ್ಟು ಕಾನೂನು ಆರಂಭವಾಯಿತು! ಹೇಸ್ಟಿಂಗ್ಸನ ಅಪೇಕ್ಷೆಯಂತೆ ಹನ್ನೊಂದು ಜನ ಪಂಡಿತರು ಸಂಸ್ಕೃತದಲ್ಲಿ ಒಂದು ಸಂಗ್ರಹವನ್ನು ಸಿದ್ಧಪಡಿಸಿದರು. ಅದನ್ನು ಪಾರಸಿಗೆ ತಿರುಗಿಸಲಾಯಿತು. ಪಾರಸಿಯಿಂದ ಹಾಲ್ಹೆಡ್ ಎಂಬವನು ಇಂಗ್ಲಿಷಿಗೆ ತಂದು 1776ರಲ್ಲಿ ಪ್ರಕಟಿಸಿದನು. ಎರಡು ಕೊಡಗಳಿಂದ ಸುರಿದ ನೀರಿನಲ್ಲಿ ಮೂಲದ ಕೆರೆಯ ರುಚಿ ಎಷ್ಟು ಉಳಿದೀತು?

ಮಿತಾಕ್ಷರೆಗೆ ಹೆಚ್ಚು ಯೋಗ್ಯನಾದ ಭಾಷಾಂತರಕಾರನು ದೊರೆತನು. ಹೆನ್ರಿ ಥಾಮಸ್ ಕೋಲ್‌ಬ್ರೂಕನು ಸಂಸ್ಕೃತವನ್ನು ನಿಜವಾಗಿ ಬಲ್ಲವನು. ಆತನು ದಾಯಭಾಗದೊಂದಿಗೆ ಮಿತಾಕ್ಷರೆಯನ್ನೂ ಇಂಗ್ಲಿಷಿಗೆ ತಿರುಗಿಸಿ 1810ರಲ್ಲಿ ಕಲಕತ್ತೆಯಲ್ಲಿ ಪ್ರಕಟಿಸಿದನು. ಆದರೆ ಆತನು ತೆಗೆದುಕೊಂಡದ್ದು ದಾಯವಿಭಾಗದ ಪ್ರಕರಣವೊಂದನ್ನೇ. ಆಚಾರದಿಂದ ಪ್ರಾಯಶ್ಚಿತ್ತದ ವರೆಗೆ ಹಬ್ಬಿದ್ದ ಗ್ರಂಥದಿಂದ ಆಸ್ತಿಯ ಭಾಗವಷ್ಟೇ ನ್ಯಾಯಾಧೀಶರ ಮೇಜಿಗೆ ಬಂದಿತು. ಅವರ ಪಾಲಿಗೆ ಮಿತಾಕ್ಷರೆಯೆಂದರೆ ಅಷ್ಟೇ ಆಯಿತು. ಇಂಗ್ಲಿಷ್ ಶಬ್ದಗಳೂ ತಮ್ಮ ಮೂಲದ ವಾಸನೆಯನ್ನು ಬಿಟ್ಟುಬರಲಿಲ್ಲ. ಅವರ ಕಾನೂನಿನಲ್ಲಿ ವಾರಸಾ ಹಕ್ಕು ಒಬ್ಬನ ಮರಣದಿಂದ ಹುಟ್ಟುವದು. ವಿಜ್ಞಾನೇಶ್ವರನ 'ದಾಯ'ವು ಒಡೆಯನೊಡನೆ ಇರುವ ಸಂಬಂಧಮಾತ್ರದಿಂದ ಇನ್ನೊಬ್ಬನದಾಗುವ ಧನ. ಅದರಲ್ಲಿ ಎರಡು ಬಗೆ: ತಂದೆ ಅಜ್ಜಂದಿರ ಧನದಲ್ಲಿ ಮಕ್ಕಳು ಮೊಮ್ಮಕ್ಕಳಿಗೆ ಹುಟ್ಟಿನಿಂದಲೇ ಬರುವದು 'ಅಪ್ರತಿಬಂಧ', ಅಂದರೆ ನಡುವೆ ತಡೆಯಿಲ್ಲದ್ದು, ಒಡೆಯನು ಮಕ್ಕಳಿಲ್ಲದೆ ಸತ್ತ ಮೇಲೆಯೇ ಸೋದರ ಮೊದಲಾದವರಿಗೆ ಬರುವದು 'ಸಪ್ರತಿಬಂಧ', ತಡೆಯುಳ್ಳದ್ದು. ಈ ಎರಡು ಶಬ್ದಗಳನ್ನು ವಾಚಕರು ಮನಸ್ಸಿನಲ್ಲಿಟ್ಟಿರಬೇಕು. ಕೊನೆಯಲ್ಲಿ ಅವು ಮತ್ತೆ ಬರುವವು.

ಕಂಪನಿಯ ಕೋರ್ಟುಗಳಲ್ಲಿ ಶಾಸ್ತ್ರಾರ್ಥ ಹೇಳುವದಕ್ಕೆ ಪಂಡಿತರಿದ್ದರು. ನ್ಯಾಯಾಧೀಶರಿಗೆ ಅವರ ಮೇಲೆ ನಂಬಿಗೆ ಕಡಿಮೆ. 1864ರಲ್ಲಿ ಆ ಹುದ್ದೆಯನ್ನೇ ತೆಗೆದುಹಾಕಲಾಯಿತು. ಅಲ್ಲಿಂದ ಮುಂದೆ ಶಾಸ್ತ್ರವೆಂದರೆ ಭಾಷಾಂತರ ಮತ್ತು ಹಿಂದಿನ ತೀರ್ಪುಗಳು. ಲಂಡನ್ನಿನ ಪ್ರಿವಿ ಕೌನ್ಸಿಲು, ಸಂಸ್ಕೃತದ ಒಂದಕ್ಷರವನ್ನೂ ಅರಿಯದೆ, ಮಿತಾಕ್ಷರೆಯ ಕೊನೆಯ ವ್ಯಾಖ್ಯಾನಕಾರನಾಯಿತು. 1867ರಲ್ಲಿ ಅದರ ಮುಂದೆ ಆ 'ಆದ್ಯ'ದ ಪ್ರಶ್ನೆ ಬಂದಿತು. ಗಂಡನಿಂದ ದಾಯವಾಗಿ ಬಂದ ಆಸ್ತಿಯು ವಿಧವೆಗೆ ಸ್ತ್ರೀಧನವಾಗುವದೆ? ಮಿತಾಕ್ಷರೆಯ ಆ ಭಾಗವು ಸಂದಿಗ್ಧವೆಂದು ಎಣಿಸಿ, ಇಲ್ಲವೆಂದು ತೀರ್ಪಾಯಿತು. ಅವಳು ಬದುಕಿರುವ ವರೆಗೆ ಉಣ್ಣಬಹುದು. ತೀರದ ಅಡಚಣೆಯ ಹೊರತು ಮಾರಲಾಗದು. ಅವಳ ತರುವಾಯ ಅದು ಗಂಡನ ಕಡೆಯ ವಾರಸುದಾರರಿಗೆ ಹೋಗತಕ್ಕದ್ದು. 1903ರಲ್ಲಿ ತಾಯಿಯ ಸ್ತ್ರೀಧನವು ಮಗಳಿಗೆ ದಾಯವಾಗಿ ಬಂದರೆ ಅದೂ ಮಗಳ ಸ್ತ್ರೀಧನವಲ್ಲವೆಂದು ಅದೇ ಕೌನ್ಸಿಲು ಹೇಳಿತು. ವಿಜ್ಞಾನೇಶ್ವರನು ತೆರೆದ ಬಾಗಿಲು ಹೀಗೆ ಮುಚ್ಚಿತು. ಎಷ್ಟು ಜನ ವಿಧವೆಯರು ತಮ್ಮ ಹೊಲದಲ್ಲಿ ತಾವೇ ಒಕ್ಕಲಿನಂತೆ ಬಾಳಿ, ಮೈದುನರು ದಾಯಾದಿಗಳು ತಮ್ಮ ಸಾವನ್ನೇ ಎದುರುನೋಡುತ್ತಿರುವದನ್ನು ಕಂಡು ದಿನ ಕಳೆದಿರಬೇಕೆಂಬದನ್ನು ಯಾವ ತೀರ್ಪಿನ ಸಂಪುಟವೂ ಹೇಳುವದಿಲ್ಲ.

ಮುಂಬಯಿಯ ಹಾಯಕೋರ್ಟು ನೀಲಕಂಠನ ವ್ಯವಹಾರಮಯೂಖವನ್ನೂ ತನ್ನ ಪ್ರಾಂತದ ರೂಢಿಯನ್ನೂ ಗೌರವಿಸಿ ಬೇರೆ ದಾರಿ ಹಿಡಿಯಿತು. ತಂದೆಯ ಆಸ್ತಿಯನ್ನು ದಾಯವಾಗಿ ಪಡೆದ ಮಗಳು ಅದರ ಪೂರ್ಣ ಒಡತಿಯೆಂದು ಅದರ ಪೂರ್ಣಪೀಠವು 1886ರಲ್ಲಿ ಎತ್ತಿಹಿಡಿಯಿತು. ಮದ್ರಾಸ ಇಲಾಖೆಯಲ್ಲಿ ಹಾಗಲ್ಲ. ಆಗ ಕನ್ನಡ ನಾಡು ಹರಿದು ಹಂಚಿಹೋಗಿತ್ತಷ್ಟೆ. ಧಾರವಾಡವು ಮುಂಬಯಿಗೆ, ಬಳ್ಳಾರಿಯು ಮದ್ರಾಸಿಗೆ. ಒಂದೇ ಮಾತು, ಒಂದೇ ಆಚಾರ, ಒಂದೇ ಮಿತಾಕ್ಷರೆ; ಆದರೆ ತುಂಗಭದ್ರೆಯ ಒಂದು ದಂಡೆಯಲ್ಲಿ ಮಗಳು ಒಡತಿ, ಇನ್ನೊಂದು ದಂಡೆಯಲ್ಲಿ ಜೀವಮಾನದ ಅನುಭೋಗಿ ಮಾತ್ರ. ಕಲ್ಯಾಣದಲ್ಲಿ ಹುಟ್ಟಿದ ಗ್ರಂಥವು ಕನ್ನಡಿಗರ ನಡುವೆಯೇ ಎರಡು ನಾಲಿಗೆಯದಾಯಿತು.

ಶಬ್ದವು ಜಾರುವದಕ್ಕೆ ಇನ್ನೂ ಪ್ರಸಿದ್ಧವಾದ ಉದಾಹರಣೆ ರಾಮನಾಡಿನ ಜಮೀನುದಾರಿಯ ವ್ಯಾಜ್ಯ. 1868ರಲ್ಲಿ ಪ್ರಿವಿ ಕೌನ್ಸಿಲಿನಲ್ಲಿ ತೀರಿತು. ಗಂಡನ ಅನುಮತಿಯಿಲ್ಲದೆ ಸ್ತ್ರೀಯು ಮಗನನ್ನು ದತ್ತಕ ಕೊಡಲೂ ಆಗದು, ಪಡೆಯಲೂ ಆಗದು ಎಂಬರ್ಥದ ವಸಿಷ್ಠನ ವಾಕ್ಯವೊಂದಿದೆ. ಮಿಥಿಲೆಯವರು ಅನುಮತಿಯು ದತ್ತಕದ ಹೊತ್ತಿನಲ್ಲಿಯೇ ಇರತಕ್ಕದ್ದೆಂದರು. ಆದುದರಿಂದ ಅಲ್ಲಿ ವಿಧವೆಯು ದತ್ತಕ ಪಡೆಯಲಾರಳು. ಬಂಗಾಲದವರು ಗಂಡನು ಬದುಕಿದ್ದಾಗ ಕೊಟ್ಟ ಅನುಮತಿಯು ಅವನ ತರುವಾಯವೂ ಸಾಕೆಂದರು. ಮುಂಬಯಿಯ ಕಡೆ ಆ ವಾಕ್ಯವು ಗಂಡನಿರುವವಳಿಗಷ್ಟೇ ಅನ್ವಯಿಸುವದೆಂದರು, ವಿಧವೆಗೆ ಕಟ್ಟಿಲ್ಲ. ತೆಂಕಣದವರು ಗಂಡನ ಅನುಮತಿಯಿಲ್ಲದಲ್ಲಿ ಸಪಿಂಡರ ಒಪ್ಪಿಗೆಯು ನಡೆದೀತೆಂದರು. ಒಂದು ವಾಕ್ಯ, ನಾಲ್ಕು ನ್ಯಾಯ! ವಾಕ್ಯದ ನಿಜಾರ್ಥವೇನೆಂದು ಹುಡುಕುವದು ನ್ಯಾಯಾಧೀಶನ ಕೆಲಸವಲ್ಲ, ಆ ಪ್ರಾಂತದವರು ಅದನ್ನು ಹೇಗೆ ಸ್ವೀಕರಿಸಿ ನಡೆದಿರುವರೆಂಬದನ್ನೇ ನೋಡತಕ್ಕದ್ದು, ಸ್ಪಷ್ಟವಾಗಿ ಸಿದ್ಧವಾದ ರೂಢಿಯು ಬರೆದ ವಚನಕ್ಕಿಂತ ಬಲವತ್ತರವಾದದ್ದು ಎಂದು ಕೌನ್ಸಿಲು ಹೇಳಿತು. ಸಪಿಂಡರ ಒಪ್ಪಿಗೆಯಿಂದ ರಾಣಿಯು ಮಾಡಿದ ದತ್ತಕವು ನಿಂತಿತು. ನಮಗೆ ಈ ಮಾತು ವಿಜ್ಞಾನೇಶ್ವರನ ಲೋಕಪಕ್ಷಪಾತಕ್ಕೆ ಸಮೀಪವಾದದ್ದೆಂದೇ ತೋರುವದು. ಭೇದವಿಷ್ಟೆ: ಆತನಿಗೆ ರೂಢಿಯೆಂಬದು ಬದುಕಿ ಬದಲಾಗುವ ಸಂಗತಿ, ಕೋರ್ಟಿಗೆ ಅದು ಸಾಕ್ಷಿ ಪುರಾವೆಗಳಿಂದ ಸಾಧಿಸತಕ್ಕ ಸಂಗತಿ. ಒಮ್ಮೆ ತೀರ್ಪಿನಲ್ಲಿ ಅಚ್ಚಾದ ರೂಢಿಯು ಆಮೇಲೆ ಅಲುಗುವದಿಲ್ಲ.

ವರ್ಣಭೇದವನ್ನು ಒಪ್ಪದ ನಮ್ಮ ಸಮಾಜದವರನ್ನು ಕೂಡ ಸ್ಮೃತಿಯ ವರ್ಣಗಳ ಕೋಷ್ಟಕದಲ್ಲಿ ಎಲ್ಲಿ ಕೂಡ್ರಿಸುವದೆಂದು ಕೋರ್ಟುಗಳು ಚರ್ಚಿಸಿದವೆಂಬದನ್ನು ಇಲ್ಲಿ ಒಂದು ಮಾತಿನಲ್ಲಿ ಹೇಳಬೇಕು. ಲಿಂಗಾಯತರ ಬೇರೆ ಬೇರೆ ಒಳಪಂಗಡದವರ ನಡುವಣ ಮದುವೆಯು, ವಿರುದ್ಧ ರೂಢಿಯು ಸಿದ್ಧವಾಗದ ಹೊರತು, ಕಾನೂನಿಗೆ ಸಮ್ಮತವೆಂದು ಮುಂಬಯಿ ಹಾಯಕೋರ್ಟು 19ನೆಯ ಶತಮಾನದ ಕೊನೆಯ ದಶಕದಲ್ಲಿ ತೀರ್ಮಾನಿಸಿತು. ಶರಣರು ಏಳುನೂರು ವರ್ಷಗಳ ಹಿಂದೆ ಸಾರಿದ್ದಕ್ಕೆ ಕೋರ್ಟಿನ ಮುದ್ರೆ ಬೇಕಾಗಿ ಬಂದದ್ದು ಕಾಲದ ವಿಚಿತ್ರ.

20ನೆಯ ಶತಮಾನದಲ್ಲಿ ಅಧಿಕಾರವು ನ್ಯಾಯಾಸನದಿಂದ ಶಾಸನಸಭೆಯ ಕಡೆಗೆ ಸರಿಯಿತು. ಈ ವಿಷಯದಲ್ಲಿ ಮೈಸೂರು ಸಂಸ್ಥಾನವು ಬ್ರಿಟಿಷ್ ಹಿಂದುಸ್ಥಾನಕ್ಕಿಂತ ಮುಂದಿತ್ತೆಂದು ಅಭಿಮಾನದಿಂದ ಹೇಳಬಹುದು. ಅಲ್ಲಿಯ 1933ರ ಹಿಂದೂ ಸ್ತ್ರೀಯರ ಹಕ್ಕುಗಳ ಕಾಯದೆಯು ಸ್ತ್ರೀಧನದ ಅರ್ಥವನ್ನು ಹಿಗ್ಗಿಸಿತು. ಪಾಲಿನ ಕಾಲದಲ್ಲಿ ತಾಯಿಗೂ ಮದುವೆಯಾಗದ ಹೆಣ್ಣುಮಕ್ಕಳಿಗೂ ಭಾಗವನ್ನು ಕೊಟ್ಟಿತು. ಬ್ರಿಟಿಷ್ ಪ್ರಾಂತಗಳ 1937ರ ಕಾಯದೆಯು ವಿಧವೆಗೆ ಮಗನ ಸಮಾನ ಪಾಲು ಕೊಟ್ಟರೂ ಅದನ್ನು ಜೀವಮಾನದ ಅನುಭೋಗಕ್ಕೆ ಕಟ್ಟಿಹಾಕಿತು. 1956ರ ಹಿಂದೂ ಉತ್ತರಾಧಿಕಾರ ಕಾಯದೆಯೇ ಆ ಕಟ್ಟನ್ನು ಬಿಚ್ಚಿದ್ದು. ವೀರಶೈವ, ಲಿಂಗಾಯತ ಎಂಬ ಹೆಸರುಗಳನ್ನು ಸ್ಪಷ್ಟವಾಗಿ ಎತ್ತಿ ತನ್ನ ವ್ಯಾಪ್ತಿಯೊಳಗೆ ಸೇರಿಸಿಕೊಂಡ ಆ ಕಾಯದೆಯ 14ನೆಯ ಕಲಮು, ಸ್ತ್ರೀಯ ಸ್ವಾಧೀನದಲ್ಲಿರುವ ಆಸ್ತಿಗೆ ಅವಳೇ ಪೂರ್ಣ ಒಡತಿಯೆಂದಿತು. ಯಾವ ಆಸ್ತಿ? ದಾಯದಿಂದ, ಪಾಲಿನಿಂದ, ದಾನದಿಂದ, ಜೀವನಾಂಶದ ಬದಲಾಗಿ, ಸ್ವಂತ ದುಡಿಮೆಯಿಂದ, ಕ್ರಯದಿಂದ, ಇನ್ನಾವ ರೀತಿಯಿಂದಲೇ ಬಂದದ್ದಾಗಲಿ. ಈ ಪಟ್ಟಿಯನ್ನು ವಿಜ್ಞಾನೇಶ್ವರನ ಪಟ್ಟಿಯ ಮಗ್ಗುಲಲ್ಲಿಟ್ಟು ನೋಡಿರಿ. 1867ರಲ್ಲಿ ಸಂದಿಗ್ಧವೆನಿಸಿದ್ದ 'ಆದ್ಯ'ವು ಎಂಬತ್ತೊಂಬತ್ತು ವರ್ಷಗಳ ತರುವಾಯ ಶಾಸನದ ಮುಖದಿಂದ ಮರಳಿ ಬಂದಿತು.

ಬಂದೊಡನೆ ಹೊಸ ಶಬ್ದವು ಜಾರತೊಡಗಿತು. 'ಸ್ವಾಧೀನ'ವೆಂದರೇನು? ಕನ್ನಡ ಕುಟುಂಬವೊಂದರ ವ್ಯಾಜ್ಯವು ಈ ಪ್ರಶ್ನೆಯನ್ನು ಹೊತ್ತು ಸುಪ್ರೀಮ್ ಕೋರ್ಟಿಗೆ ಹೋಯಿತು. ವಿಧವೆಯು ದತ್ತಕ ಪಡೆದಿದ್ದಳು, ಹೊಲಮನೆಗಳು ದತ್ತಕನ ಕೈಯಲ್ಲಿದ್ದವು. ಆ ದತ್ತಕವೇ ಅಸಿಂಧುವೆಂದು ಎದುರುಪಕ್ಷದವರ ವಾದ. ದತ್ತಕವು ಅಸಿಂಧುವಾದರೂ ಅವನು ಅವಳ ಅನುಮತಿಯಿಂದ ಹಿಡಿದಿರುವನಾದ್ದರಿಂದ ಕಾನೂನಿನ ಕಣ್ಣಿಗೆ ಸ್ವಾಧೀನವು ಅವಳದೇ, ಆದುದರಿಂದ ಅವಳೇ ಪೂರ್ಣ ಒಡತಿ ಎಂದು 1958ರಲ್ಲಿ ತೀರ್ಪಾಯಿತು. ಶಬ್ದವು ಜಾರಿದರೂ ಈ ಸಲ ಬಡವರ ಕಡೆಗೆ ಜಾರಿತು.

ಇನ್ನುಳಿದದ್ದು 'ಜನ್ಮದಿಂದ' ಎಂಬ ಮಾತು. ಹುಟ್ಟಿನಿಂದಲೇ ಸ್ವತ್ತು ಎಂಬದು ಮಿತಾಕ್ಷರೆಯ ಪ್ರಾಣವಾಕ್ಯವೆನ್ನಬಹುದು. ಎಂಟುನೂರು ವರ್ಷ ಅದು ಗಂಡುಮಕ್ಕಳ ಹುಟ್ಟೇ ಆಗಿತ್ತು. ಕರ್ನಾಟಕವು ತನ್ನ ತಿದ್ದುಪಡಿಯಿಂದ 1994ರಲ್ಲಿ ಹೆಣ್ಣುಮಕ್ಕಳನ್ನೂ ಅದರೊಳಗೆ ಸೇರಿಸಿತು. ಆದರೆ ಅದಕ್ಕೆ ಮುಂಚೆ ಮದುವೆಯಾದವರನ್ನು ಹೊರಗಿಟ್ಟಿತು. 2005ರಲ್ಲಿ ಕೇಂದ್ರದ ತಿದ್ದುಪಡಿಯು ಆ ಭೇದವನ್ನೂ ತೆಗೆಯಿತು. ಆದರೆ ಅದರ ವಾಕ್ಯದಲ್ಲಿ ಎರಡು ಮಾತುಗಳು ಒಂದಕ್ಕೊಂದು ಮುಖ ತಿರುಗಿಸಿ ನಿಂತವು: ಕಾಯದೆ ಜಾರಿಯಾದಂದಿನಿಂದ, ಎಂಬದೊಂದು, ಮಗನಂತೆಯೇ ಜನ್ಮದಿಂದ, ಎಂಬದೊಂದು. ತಂದೆಯು ಕಾಯದೆಗಿಂತ ಮೊದಲೇ ತೀರಿದ್ದರೆ? ಕರ್ನಾಟಕದಿಂದಲೇ ಹೋದ ವ್ಯಾಜ್ಯವೊಂದರಲ್ಲಿ ಸುಪ್ರೀಮ್ ಕೋರ್ಟು 2015ರಲ್ಲಿ, 2005ರ ಸಪ್ಟೆಂಬರ 9ರಂದು ತಂದೆಯೂ ಮಗಳೂ ಬದುಕಿದ್ದರೆ ಮಾತ್ರ ಹಕ್ಕೆಂದಿತು. ಕರ್ನಾಟಕದ್ದೇ ಆದ ಇನ್ನೊಂದು ವ್ಯಾಜ್ಯದಲ್ಲಿ ತಂದೆಯು 2001ರಲ್ಲಿಯೇ ತೀರಿದ್ದನು; 2018ರಲ್ಲಿ ಅದೇ ಕೋರ್ಟು ಅವನ ಹೆಣ್ಣುಮಕ್ಕಳಿಗೂ ಪಾಲು ಕೊಟ್ಟಿತು. ಒಂದೇ ಕಲಮು, ಒಂದೇ ಕೋರ್ಟು, ಎರಡು ಅರ್ಥ.

2020ರ ಆಗಸ್ಟ 11ರಂದು ಮೂವರು ನ್ಯಾಯಮೂರ್ತಿಗಳ ಪೀಠವು ಈ ತೊಡಕನ್ನು ಬಿಡಿಸಿತು. ಬಿಡಿಸಿದ ದಾರಿಯು ಕಲ್ಯಾಣದ ಮೇಲೆ ಹಾದುಹೋಗುವದು. ಅವಿಭಕ್ತ ಕುಟುಂಬದ ಆಸ್ತಿಯು ಅಪ್ರತಿಬಂಧ ದಾಯ. ಅದರ ಹಕ್ಕು ಹುಟ್ಟಿನಿಂದ ಬರುವದೇ ಹೊರತು ತಂದೆಯ ಸಾವುಬದುಕಿನಿಂದಲ್ಲ. ಆದುದರಿಂದ ಆ ದಿನ ತಂದೆಯು ಬದುಕಿರಬೇಕೆಂಬ ನಿರ್ಬಂಧವಿಲ್ಲ ಎಂದು ಪೀಠವು ವಿವರಿಸಿತು. ವಿಜ್ಞಾನೇಶ್ವರನು ಗಂಡುಮಕ್ಕಳಿಗಾಗಿ ಮಾಡಿದ ವಿಂಗಡಣೆಯಿಂದಲೇ ಹೆಣ್ಣುಮಕ್ಕಳ ಹಕ್ಕು ನಿಂತಿತು.

ಈಗ ಕೋರ್ಟುಗಳಲ್ಲಿ ಜಗ್ಗಾಡುತ್ತಿರುವ ಶಬ್ದವು 'ವಿಭಾಗ'. 2004ರ ಡಿಸೆಂಬರ 20ಕ್ಕೆ ಮುಂಚೆ ಆಗಿಹೋದ ಪಾಲನ್ನು ಹೊಸ ಕಾಯದೆಯು ಅಲುಗಿಸುವದಿಲ್ಲ. ಆದರೆ ಪಾಲೆಂದರೆ ನೋಂದಣಿಯಾದ ಪತ್ರ ಇಲ್ಲವೆ ಕೋರ್ಟಿನ ಡಿಕ್ರಿ ಎಂದು ಅದು ಹೇಳುವ ಅರ್ಥ. ಯಾಜ್ಞವಲ್ಕ್ಯನಾದರೋ, ಪಾಲಾದದ್ದನ್ನು ಒಬ್ಬನು ಅಲ್ಲಗಳೆದರೆ ಜ್ಞಾತಿಗಳಿಂದ, ಬಂಧುಗಳಿಂದ, ಸಾಕ್ಷಿಗಳಿಂದ, ಲೇಖದಿಂದ, ಬೇರೆ ಬೇರೆಯಾದ ಮನೆ ಹೊಲಗಳಿಂದ ಅದನ್ನು ತಿಳಿಯತಕ್ಕದ್ದೆಂದನು. ನಮ್ಮ ಹಳ್ಳಿಗಳಲ್ಲಿ ಹಿರಿಯರ ಮುಂದೆ ಬಾಯಿಮಾತಿನಿಂದ ಆದ ಪಾಲುಗಳು ಅಸಂಖ್ಯ. ಅವುಗಳಲ್ಲಿ ನಿಜವಾದವೂ ಉಂಟು, ತಂಗಿಯ ಪಾಲನ್ನು ತಪ್ಪಿಸುವದಕ್ಕೆ ಹಿಂದಿನ ತಾರೀಖು ಹಚ್ಚಿ ಹೇಳುವವೂ ಉಂಟು. ಸರಕಾರಿ ದಾಖಲೆಗಳ ಬಲವಾದ ಆಧಾರವಿದ್ದಲ್ಲಿ, ಅದೂ ಅಪರೂಪಕ್ಕೆ, ಬಾಯಿಮಾತಿನ ಪಾಲನ್ನು ಒಪ್ಪಬಹುದೆಂದು 2020ರ ತೀರ್ಪಿನಲ್ಲಿ ಹೇಳಲಾಗಿದೆ. ಆ ದಾಖಲೆಗಳು ಯಾವವು, ಪಹಣಿಯಲ್ಲಿ ಬೇರೆ ಬೇರೆ ಹೆಸರು ಹತ್ತಿದ್ದರೆ ಸಾಕೋ ಎಂಬದನ್ನು ಕೆಳಗಿನ ಕೋರ್ಟುಗಳು ಒಂದೊಂದು ವ್ಯಾಜ್ಯದಲ್ಲಿಯೂ ಬೇರೆಬೇರೆಯಾಗಿ ತೂಗಿ ನೋಡಬೇಕಾಗಿದೆ.